ಹನ್ನೆರಡು ವರ್ಷದ ಬ್ರಾಂದಿ

ನಲ್ಲಿ ತಿರುವಿದರೆ ಒಂದು ಹನಿಯೂ ಬೀಳಲಿಲ್ಲ.

ಸುಮಂಗಲಾ ಉಗ್ರಾಣದ ಮರದ ಪೀಪಾಯಿಯನ್ನು ಅಲುಗಾಡಿಸಿದಳು. ಅದು ಹಗುರಾಗಿ ಓಲಾಡಿತು.

"ಖಾಲಿ! ಹನ್ನೆರಡು ವರ್ಷದ ಹಿಂದ ಅಪ್ಪ ತುಂಬಿಟ್ಟಿದ್ದು, ಅವರ ಕೈಯಿಂದ ಉಳಿದಿದ್ದು ಇದೊಂದ ಬ್ರಾಂದಿರಿ. ಎಲ್ಲಿ ಹೋತು?"

ನಾನು ಗವಿಸಿದ್ದೇಶ್. ಬಳ್ಳಾರಿಯಲ್ಲಿ ನನ್ನದೊಂದು ಮದ್ಯದಂಗಡಿ ಇದೆ. ದೊಡ್ಡ ಹೆಸರುಗಳ ಬೆನ್ನು ಬೀಳದೆ, ಮನೆಮಂದಿಯೇ ಮಾಡುವ ಒಳ್ಳೆಯ ಸರಕನ್ನು ಹದವಾದ ಬೆಲೆಗೆ ಹುಡುಕಿ ತರುವುದು ನನ್ನ ಹುಚ್ಚು. ಆ ಹುಚ್ಚೇ ನನ್ನನ್ನು ಕುರುಗೋಡಿನ ಸುಮಂಗಲಾಳ ಈ ದ್ರಾಕ್ಷಿ ತೋಟಕ್ಕೆ ಎಳೆದು ತಂದಿತ್ತು—ಅದೂ ಹೇಳಿದ್ದಕ್ಕಿಂತ ಒಂದು ವಾರ ಮೊದಲೇ. ಜೊತೆಗೆ ಪಾರ್ವತಿನಗರದ ದುರ್ಗಾದೇವಿ. ಅಬಕಾರಿ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರ್. ರುಚಿಯ ವಿಷಯದಲ್ಲಿ ನಾನು ಕಣ್ಣು ಮುಚ್ಚಿ ನಂಬುವುದು ಅವರನ್ನೇ.

ಸುಮಂಗಲಾಳ ಸಾವಯವ ವೈನ್ ಅವರಿಗೆ ಆಗಲೇ ಹಿಡಿಸಿತ್ತು. ಈಗ ಬ್ರಾಂದಿಯೇ ಮಾಯ!

"ಈ ಉಗ್ರಾಣದ ಕೀಲಿ ಯಾರ ಹತ್ರ ಇರ್ತೈತಿ?" ದುರ್ಗಾದೇವಿ ಕೇಳಿದರು.

"ನನ್ನ ಹತ್ರ ಒಂದು. ಮಾರೇಶಣ್ಣನ ಹತ್ರ ಒಂದು."

ಬಾಗಿಲಲ್ಲಿ ನಿಂತಿದ್ದ ಕೆಲಸಗಾರ ಮಾರೇಶನ ಮುಖ ಬಿಳುಚಿತು. ಅವನು ಹಚ್ಚೊಳ್ಳಿಯವನು, ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದವನು.

"ನಾನು ಮುಟ್ಟಿಲ್ರಿ ಮೇಡಂ!"

"ಮತ್ತ ಯಾರಣ್ಣ? ಬೀಗ ಮುರದಿಲ್ಲ," ಎಂದಳು ಸುಮಂಗಲಾ.

ದುರ್ಗಾದೇವಿ ಬೀಗದ ಕಡೆ ನೋಡಲೇ ಇಲ್ಲ. "ಒಂದು ಕೊಡ ನೀರು ತರ್ರಿ," ಎಂದರು.

ಪೀಪಾಯಿಗೆ ನೀರು ಹೊಯ್ದರು. ಹಲಗೆಗಳ ಸಂದುಗಳಿಂದ ನೀರು ಜಿನುಗಿತು. ನೆಲ ಒದ್ದೆಯಾಯಿತು.

"ಮಾರೇಶ್, ನಿನ್ನಿ ಇಲ್ಲಿಗೆ ಯಾರ್ ಬಂದಿದ್ರು?"

ಅವನು ತಲೆ ತಗ್ಗಿಸಿದ. "ಸಿರುಗುಪ್ಪದ ತಿಪ್ಪೇರುದ್ರಪ್ಪರು. ಹಳೇ ಖಾಲಿ ಪೀಪಾಯಿ ಕೊಂಡಾರ, ನೋಡಾಕ ಬಂದಿದ್ರು. ನಾನು ಒಳಗ ಕಸ ಹೊಡಿಯಾಕ ಹತ್ತಿದ್ದೆ. ಚಾ ತಗೊಂಡು ಬಾ ಅಂದ್ರು, ಹೋದೆ... ಬಾಗಿಲ ಹಾಕ್ಲಿಲ್ಲ. ಅಕ್ಕಾರು ಬೈತಾರಂತ ಹೇಳ್ಲಿಲ್ರಿ."

"ಅವರು ಒಯ್ಯಾಕ ಯಾವಾಗ ಬರ್ತಾರ?"

"ಇವತ್ತ!"

ಹೇಳುವಷ್ಟರಲ್ಲೇ ಟ್ರ್ಯಾಕ್ಟರ್ ಸದ್ದು ಕೇಳಿಸಿತು. ದುರ್ಗಾದೇವಿ ನಮಗೆ ಸುಮ್ಮನಿರಲು ಸನ್ನೆ ಮಾಡಿದರು.

ತಿಪ್ಪೇರುದ್ರಪ್ಪ ನಗುತ್ತಲೇ ಇಳಿದ. ಹೊರಗಿನ ಚಪ್ಪರದಡಿ ಐದು ಪೀಪಾಯಿಗಳಿದ್ದವು. ನಾಲ್ಕನ್ನು ಒಬ್ಬನೇ ಎತ್ತಿ ಟ್ರೇಲರ್‌ಗೆ ಹಾಕಿದ. ಐದನೆಯದರ ಬಳಿ ನಿಂತ.

"ಇದನ್ನ ಉರುಳಿಸಿ ಏರಿಸ್ತೀನಿ. ಹಲಿಗಿ ತರ್ತೀನಿ ತಡೀರಿ."

"ಯಾಕ್ರಿ? ಖಾಲಿ ಅಲ್ಲ ಅದು?" ಎಂದರು ದುರ್ಗಾದೇವಿ. "ಎತ್ರಿ ನೋಡೋಣ!"

ಅವನು ಎತ್ತಲಿಲ್ಲ. ದುರ್ಗಾದೇವಿ ಬೆರಳ ಗಂಟಿನಿಂದ ಪೀಪಾಯಿ ಬಡಿದರು—ತುಂಬಿದ ಸದ್ದು.

"ಎಲ್ಲರೂ ಬೀಗ ನೋಡಿದ್ರಿ, ಪೀಪಾಯಿ ನೋಡ್ಲಿಲ್ಲ," ಎಂದರು ಅವರು. "ಬ್ರಾಂದಿ ಕುಡಿದ ಮರ ಉಬ್ಬಿರ್ತೈತಿ, ನೀರು ಸೋರಂಗಿಲ್ಲ. ಒಳಗಿನ ಪೀಪಾಯಿ ಸೋರ್ತು. ಅಂದ್ರ ಎಷ್ಟೋ ತಿಂಗಳಿಂದ ಒಣಗಿದ ಪೀಪಾಯಿ ಅದು. ಬ್ರಾಂದಿ ಯಾರೂ ಬಸಿದಿಲ್ಲ, ಪೀಪಾಯಿನೇ ಬದಲಿ ಮಾಡ್ಯಾರ—ಮಾರೇಶ್ ಚಾಕ್ಕ ಹೋದಾಗ ತುಂಬಿದ್ದನ್ನ ಹೊರಗ ಉರುಳಿಸಿ, ಒಣಾದನ್ನ ಒಳಗ ಇಟ್ಟಾರ. ಖಾಲಿ ಹೆಸರಲ್ಲಿ ತುಂಬಿದ್ದನ್ನ ಒಯ್ಯೋ ದಾರಿ ಇದ್ದಿದ್ದು ಒಬ್ಬರಿಗೇ—ತಿಪ್ಪೇರುದ್ರಪ್ಪ, ನಿಮಗ! ನಾವು ವಾರ ಬಿಟ್ಟು ಬಂದಿದ್ರ ದಕ್ಕತಿತ್ತು."

"ತಪ್ಪಾತ್ರಿ," ಎಂದು ಅವನು ಅಲ್ಲೇ ಕುಸಿದು ಕೂತ. ಸುಮಂಗಲಾ ಪೊಲೀಸರಿಗೆ ಫೋನ್ ಮಾಡಿದಳು. ಆಮೇಲೆ ಮಾರೇಶನ ಎರಡೂ ಕೈ ಹಿಡಿದುಕೊಂಡಳು.

"ಅಣ್ಣಾ, ನಿನ್ನ ಮ್ಯಾಲೆ ಅನುಮಾನಪಟ್ಟೆ..."

"ಅಳಬ್ಯಾಡವ್ವಾ. ಸಿಕ್ತಲ್ಲ, ಸಾಕು," ಎಂದು ಅವನೇ ಕಣ್ಣೊರೆಸಿಕೊಂಡ.

ಪೊಲೀಸರು ಬಂದು ಹೋದ ಮೇಲೆ ದುರ್ಗಾದೇವಿ ಮೊದಲ ಗುಟುಕನ್ನು ನಾಲಗೆಯ ಮೇಲೆ ಹೊರಳಿಸಿ ನುಂಗಿದರು.

"ಗವಿಸಿದ್ದೇಶ್," ಎಂದರು ಕೊನೆಗೆ, "ಚೌಕಾಶಿ ಮಾಡಬ್ಯಾಡ. ಸುಮಂಗಲಾ ಹೇಳಿದ ಬೆಲಿನೇ ಕಡಿಮಿ ಐತಿ."