ಸೀಳಿಗೆ ಬಳಿದ ಅರಿಸಿನ

ಗುಂಡ್ಲುಪೇಟೆಯ ಲಾರಿ ಸ್ಟ್ಯಾಂಡಿನಲ್ಲಿ ಖಲೀಲ್ ತನ್ನ ಲಾರಿ ತೊಳೆಯುತ್ತಿದ್ದ. ಲಾರಿಯ ಮೇಲೆ ಮಂಚದಷ್ಟು ದೊಡ್ಡ ಕರಿಕಲ್ಲು. ಚಾಮರಾಜನಗರದಿಂದ ಬಂದ ಕಲ್ಲು, ಕೊಚ್ಚಿ ಬಂದರಿಗೆ ಹೋಗಿ ಹಡಗು ಹತ್ತಬೇಕಿತ್ತು. ಬಕೆಟ್ಟಿನ ನೀರು ಅದರ ಮೇಲೂ ಬಿತ್ತು. ಪೂಜೆಗೆ ಬಳಿದಿದ್ದ ಅರಿಸಿನ ತೊಳೆದುಹೋಯಿತು. ಬಿಸಿಲಿಗೆ ಕಲ್ಲು ಒಣಗಿತು. ಒಂದು ಗೆರೆ ಮಾತ್ರ ಒಣಗಲಿಲ್ಲ.

ಕಲ್ಲು ಕೊಂಡು ಅದರ ಜೊತೆಗೇ ಲಾರಿಯಲ್ಲಿ ಹೊರಟಿದ್ದ ರಷ್ಯದ ಹೆಂಗಸು ಟೀ ಕುಡಿದು ಬಂದು ಆ ಗೆರೆಯನ್ನು ಕಂಡಳು. ಬೆರಳಿಟ್ಟು ನೋಡಿದಳು. ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು.

"ಇದು ನನ್ನ ಕಲ್ಲಲ್ಲ," ಎಂದಳು ಇಂಗ್ಲಿಷಿನಲ್ಲಿ. "ನನ್ನ ಕಲ್ಲಿನಲ್ಲಿ ಸೀಳಿರಲಿಲ್ಲ."

*

ಸಬ್ ಇನ್ಸ್‌ಪೆಕ್ಟರ್ ಶಿವಸ್ವಾಮಿ ಮೊದಲು ಮಾಡಿದ ಕೆಲಸ ಖಲೀಲನ ಕೆನ್ನೆಗೆ ಬಾರಿಸಿದ್ದು.

"ದಾರೀಲಿ ಎಲ್ಲಿ ಬದಲಾಯಿಸ್ದೆ? ಬೊಗಳು!"

"ಸಾರ್, ಕ್ರೇನ್ ಇಲ್ದೆ ಈ ಕಲ್ಲು ಅಲ್ಲಾಡಲ್ಲ ಸಾರ್. ನಾನೊಬ್ನೇ ಎಂಗೆ ಬದ್ಲಾಯಿಸ್ಲಿ?"

ಸರಿಯಾದ ಮಾತೇ. ಆದರೆ ಡ್ರೈವರ್ ಆಡಿದ ಸರಿಯಾದ ಮಾತಿಗೆ ಠಾಣೆಯಲ್ಲಿ ಯಾವ ಬೆಲೆ? ಅವನನ್ನು ಲಾಕಪ್ಪಿಗೆ ತಳ್ಳಿದರು. ಫಾರಿನ್ ಹೆಂಗಸಿಗೆ ಮಾತ್ರ ಕುರ್ಚಿ ಹಾಕಿ ಎಳನೀರು ತರಿಸಿದರು.

ಅವಳ ಹೆಸರು ತಮಾರಾ. ರಷ್ಯದ ಒಂದು ಕಲ್ಲಿದ್ದಲ ಗಣಿಯ ಊರಿನ ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಮೊದಲು ಗಣಿ ಸರ್ಕಾರದ್ದಾಗಿತ್ತು. ಕಮ್ಯುನಿಸ್ಟ್ ಸರ್ಕಾರ ಬಿದ್ದ ಮೇಲೆ ಕೆಲಸಗಾರರಿಗೆಲ್ಲ ಗಣಿಯ ಪಾಲಿನ ಚೀಟಿ ಹಂಚಿದರು. ಹಸಿದವರಿಂದ ಗಣಿಯ ಡೈರೆಕ್ಟರು ಆ ಚೀಟಿಗಳನ್ನು ಕೊಂಡುಕೊಂಡ. ಈಗ ಗಣಿ ಅವನದು. ಸಂಬಳದ ಬದಲು ಟವೆಲ್ ಕೊಡುತ್ತಾನೆ. ಹೋದ ವರ್ಷ ಗಣಿ ಕುಸಿದು ಒಂದು ಪಾಳಿಯವರೆಲ್ಲ ಸತ್ತರು. ಅವರ ಹೆಸರಿಗೆ ಒಂದು ಕಲ್ಲು ನಿಲ್ಲಿಸಲೂ ಅವನು ಒಪ್ಪಲಿಲ್ಲ.

"ವಿಧವೆಯರು ರೈಲು ನಿಲ್ದಾಣದಲ್ಲಿ ಟವೆಲ್ ಮಾರಿ ಈ ಕಲ್ಲು ಕೊಂಡರು," ಎಂದಳು. "ಸತ್ತವರಲ್ಲಿ ನನ್ನ ತಮ್ಮನೂ ಇದ್ದ. ಇಲ್ಲಿ ಕಲ್ಲು ಕೊಳ್ಳುವ ಸಮಾಧಿಕಲ್ಲಿನ ವ್ಯಾಪಾರಿಯೊಬ್ಬ, ತನ್ನ ಪರವಾಗಿ ಇಂಗ್ಲಿಷಿನಲ್ಲಿ ಮಾತಾಡಲಿ ಎಂದು ನನಗೆ ಟಿಕೆಟ್ ಕೊಟ್ಟ. ಅವನ ಕಲ್ಲುಗಳ ಜೊತೆ ಇದೂ ಹೋಗಬೇಕು. ಈ ಹಡಗು ತಪ್ಪಿದರೆ ಇನ್ನೊಮ್ಮೆ ಬರಲು ನಮ್ಮಲ್ಲಿ ಏನೂ ಉಳಿದಿಲ್ಲ."

ಶಿವಸ್ವಾಮಿ ಎಳನೀರಿನ ಕಡೆ ನೋಡಿದ. ಬಿಳಿ ಚರ್ಮ ಕಂಡರೆ ಡಾಲರ್ ಎಂದುಕೊಳ್ಳುವವರಲ್ಲಿ ಅವನೂ ಒಬ್ಬ.

ಎದ್ದು ಹೊರಗೆ ನಿಂತಿದ್ದ ಲಾರಿ ಹತ್ತಿದ. ಸೀಳಿಗೆ ಚಾಕು ಇಳಿಸಿ ಕೆರೆದ. ಮೇಲೆ ಒದ್ದೆ, ಕೆಳಗೆ ಒತ್ತಿ ತುಂಬಿದ ಅರಿಸಿನದ ಗಟ್ಟಿ ಮುದ್ದೆ. ಇದು ಲಾರಿ ಏರುವ ಮೊದಲೇ ತುಂಬಿದ್ದು.

"ಖಲೀಲನನ್ನು ಬಿಡ್ರಿ," ಎಂದ ಪೇದೆಗೆ. ಖಲೀಲ್ ಕೆನ್ನೆ ಸವರಿಕೊಂಡು ಹೊರಗೆ ಬಂದ. ಶಿವಸ್ವಾಮಿ ಅವನ ಮುಖ ನೋಡದೆ ತಮಾರಾಳ ಜೊತೆ ಜೀಪು ಹತ್ತಿದ.

*

ಹರದನಹಳ್ಳಿಯ ಹತ್ತಿರ ಮಹಾಲಿಂಗನ ಕಲ್ಲಿನ ಯಾರ್ಡು. ಆ ಸುತ್ತಿನ ದೊಡ್ಡ ಎಕ್ಸ್‌ಪೋರ್ಟರ್ ಅವನೇ; ಕದ್ದ ಒಳ್ಳೆಯ ಕಲ್ಲು ಬಂದು ಸೇರುವುದಿದ್ದರೆ ಅಲ್ಲಿಗೇ. ಮೂಲೆಯಲ್ಲಿ ಟಾರ್ಪಾಲಿನಡಿ ಒಂದು ಕಲ್ಲು. ತಮಾರಾ ಟಾರ್ಪಾಲು ಸರಿಸಿ ಅದರ ಸುತ್ತ ಒಂದು ಸುತ್ತು ಬಂದಳು.

"ಇದೇ ನನ್ನದು."

"ಸಿಕ್ಬಿದ್ಯಲ್ಲ ಮಹಾಲಿಂಗ!"

"ಕದ್ದಿಲ್ಲ ಸಾರ್, ಕೊಂಡ್ಕೊಂಡಿದ್ದು. ಕುಟಿಗರ ಸಂಘದ ಕ್ರೇನೇ ತಂದು ಇಳಿಸ್ತು. ಮಾರ್ದೋರು ಮುದ್ದಯ್ಯನೋರು."

"ಬಾಯಿ ಮುಚ್ಚು! ಯಾರ ಮೇಲೆ ಹೇಳ್ತಿದ್ದೀಯ ಗೊತ್ತಾ?"

ತಮಾರಾ ಕಲ್ಲು ಕೊಂಡಿದ್ದ ಕಲ್ಲುಕುಟಿಗರ ಸಹಕಾರ ಸಂಘದ ಅಧ್ಯಕ್ಷ ಮುದ್ದಯ್ಯ. ಹೆಗಲಿನ ಕೆಂಪು ಟವೆಲ್ ಬಿಟ್ಟು ಹೊರಗೆ ಕಾಲಿಟ್ಟವನಲ್ಲ. ಕೂಲಿಯವರಿಗಾಗಿ ಜೈಲಿಗೆ ಹೋಗಿ ಬಂದವನು. ಒಮ್ಮೆ ಕಾರ್ಮಿಕರ ನಿಯೋಗದಲ್ಲಿ ಮಾಸ್ಕೋ ನೋಡಿ ಬಂದು, ಅಲ್ಲಿ ಗಣಿ ಕೆಲಸದವನೇ ರಾಜ ಎಂದು ಊರೂರಲ್ಲಿ ಭಾಷಣ ಮಾಡಿದವನು. ಆ ಭಾಷಣ ಕೇಳಿ ಚಿಕ್ಕಂದಿನಲ್ಲಿ ಶಿವಸ್ವಾಮಿಯೂ ಚಪ್ಪಾಳೆ ತಟ್ಟಿದ್ದ. ಮಹಾಲಿಂಗನ ಮಾತನ್ನು ನಂಬಲು ಅವನಿಗೆ ಮನಸ್ಸು ಬರಲಿಲ್ಲ.

*

ಸಂಘದ ಯಾರ್ಡಿನಲ್ಲಿ ಕೂಲಿಯವರು ಊಟಕ್ಕೆ ಕೂತಿದ್ದರು. ಮುದ್ದಯ್ಯ ತಾನೇ ಎದ್ದು ಬಂದು ತಮಾರಾಗೆ ಕೈ ಮುಗಿದ. ಶಿವಸ್ವಾಮಿ ಮಲ್ಲಮ್ಮನನ್ನು ಕರೆದ. ಲಾರಿಗೆ ಏರುವ ಪ್ರತಿ ಕಲ್ಲಿಗೂ ಅರಿಸಿನ ಕುಂಕುಮ ಇಡುವವಳು ಅವಳು.

"ಮಲ್ಲಮ್ಮ, ಈ ಮೇಡಂ ಕಲ್ಲಿಗೆ ಎಷ್ಟು ಅರಿಸಿನ ಬಳಿದೆ?"

"ನಾನೆಲ್ಲಿ ಬಳುದೆ ಕಣಪ್ಪ? ನಾವು ಬರೋ ವತ್ಗೆ ಅಧ್ಯಕ್ಸರೇ ಪೂಜೆ ಮುಗ್ಸಿದ್ರು. ಕಲ್ ತುಂಬ ಅರಿಸ್ನ! ಸದ್ಯ, ಇವ್ರಿಗೂ ದೇವ್ರು ಒಲುದ್ನಲ್ಲಾ ಅಂತ ನಾವೆಲ್ಲ ಕುಸಿಪಟ್ವಿ."

ಮುದ್ದಯ್ಯ ನೆಲ ನೋಡಿದ.

"ಪೂಜೆ ಅಂದ್ರೆ ಮೂಢನಂಬಿಕೆ ಅಂತ ಬೈಯೋರು ನೀವು," ಎಂದ ಶಿವಸ್ವಾಮಿ. "ಒಂದು ದಿನವೂ ಪೂಜೆಗೆ ನಿಂತವರಲ್ಲ. ಈ ಕಲ್ಲಿಗೆ ಮಾತ್ರ ನೀವೇ ಯಾಕೆ ಅರಿಸಿನ ಬಳಿದ್ರಿ? ದಾರೀಲಿ ಬಿಟ್ಟ ಸೀಳಾಗಿದ್ರೆ ಅದರ ತಳದಲ್ಲಿ ಅರಿಸಿನ ಗಟ್ಟಿಯಾಗಿ ಕೂತಿರ್ತಿರಲಿಲ್ಲ. ಯಾರೋ ಮೊದಲೇ ತುಂಬಿದ್ದಾರೆ. ಪೂಜೆ ಮಾಡಿದ ಕಲ್ಲನ್ನು ಲಾರಿ ಮೇಲೆ ಯಾರೂ ಮುಟ್ಟಿ ನೋಡಲ್ಲ ಅಂತ ನಿಮಗೆ ಗೊತ್ತಿತ್ತು. ಈಯಮ್ಮ ನೀರು ಹಾಕಿ ಪರೀಕ್ಷೆ ಮಾಡಿ ಹೋದ ಮೇಲೆ ಒಳ್ಳೇ ಕಲ್ಲು ಮಹಾಲಿಂಗನಿಗೆ ಹೋಯ್ತು. ಸೀಳಿದ್ದ ಕಲ್ಲಿನ ಮೇಲೆ ಈಯಮ್ಮ ಹಾಕಿದ್ದ ಗುರುತನ್ನೇ ಬರೆದ್ರಿ. ಕ್ರೇನಿನ ಬೀಗದಕೈಯೂ ನಿಮ್ಮ ಹತ್ರಾನೇ ಇರೋದು."

ತುತ್ತು ಎತ್ತಿದ್ದ ಕೈಗಳು ಹಾಗೇ ನಿಂತವು.

"ಊಂ ಕಣಪ್ಪ, ಮಾಡ್ಬುಟ್ಟೆ," ಎಂದ ಮುದ್ದಯ್ಯ. "ಆ ದೇಸ ನಂಬ್ಕಂಡು ಬದುಕ್ದೋನು ನಾನು. ಅವ್ರೇ ಅದ್ನ ಬಿಡಿಬಿಡಿಯಾಗಿ ಮಾರ್ಕಂಡ್ರು. ಕದ್ದೋರೆಲ್ಲ ಈಗ ಸಾವ್ಕಾರ್ರು. ಈವಮ್ಮನೂ ಅಂತೋರ ಪೈಕಿ ಅಂದ್ಕಂಡೆ. ಅಂತೋರ್ಗೆ ನಾನೊಬ್ನೇ ಯಾಕೆ ನಿಯತ್ತಾಗಿರ್ಬೇಕು ಅನ್ನುಸ್ತು."

"ಈ ಕಲ್ಲು ಯಾರಿಗೆ ಅಂತ ಕೇಳಿದ್ರಾ?"

ಯಾರಿಗೆ ಎಂದು ಶಿವಸ್ವಾಮಿಯೇ ಹೇಳಿದ. ಗಣಿ, ಟವೆಲ್, ವಿಧವೆಯರು. ಮುದ್ದಯ್ಯನ ಮುಖ ಬೂದಿಯಾಯಿತು. ಹೆಗಲಿನ ಕೆಂಪು ಟವೆಲ್ ತೆಗೆದ. ಅದರಿಂದ ಮುಖ ಒರೆಸಿಕೊಳ್ಳಲೂ ನಾಚಿಕೆಯಾಗಿ ಕೈಯಲ್ಲೇ ಮುದುಡಿ ಹಿಡಿದ.

"ಗಣಿ ಕೆಲ್ಸದೋರ್ಗಾ?" ಎಂದ. "ನಮ್ಮೋರ್ಗೇ ಮೋಸ ಮಾಡ್ಬುಟ್ಟೆನಾ?" ಮಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

*

ಸಂಘದವರು ಮಹಾಲಿಂಗನ ಹಣ ಹಿಂದಿರುಗಿಸಿದರು. ಅಂದೇ ಒಳ್ಳೆಯ ಕಲ್ಲು ಲಾರಿ ಏರಿತು. ಹಡಗು ಸಿಗುತ್ತದೆ ಎಂದ ಖಲೀಲ್. ಗುಂಡ್ಲುಪೇಟೆ ಠಾಣೆಯಲ್ಲಿ ತಮಾರಾಳ ಸಹಿಯೊಂದು ಬಾಕಿ ಇತ್ತು.

"ಕಲ್ಲು ಸಿಕ್ಕಿತಲ್ಲ," ಎಂದ ಶಿವಸ್ವಾಮಿ. "ಮುದ್ದಯ್ಯ ವಯಸ್ಸಾದವರು. ನೀವು ಮನಸ್ಸು ಮಾಡಿದರೆ ಕೇಸು ಬೇಡ."

ತಮಾರಾ ತಲೆ ಅಡ್ಡಡ್ಡ ಆಡಿಸಿದಳು. "ಕೇಸು ಹಾಕಿ. ನಮ್ಮ ಊರಿನಲ್ಲಿ ಡೈರೆಕ್ಟರ್ ಗಣಿ ತೆಗೆದುಕೊಂಡಾಗಲೂ 'ಹೋಗಲಿ ಬಿಡಿ, ಒಳ್ಳೆಯವನು' ಅಂದರು. ಆಮೇಲೆ ಸತ್ತವರ ಪರವಾಗಿಯೂ ಯಾರೂ ಕೇಸು ಹಾಕಲಿಲ್ಲ."

ಬೆಂಚಿನ ಮೇಲೆ ಕೂತಿದ್ದ ಮುದ್ದಯ್ಯನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ, "ಆಕಪ್ಪ ಕೇಸ," ಎಂದ.

ಶಿವಸ್ವಾಮಿ ದೂರು ಬರೆದು, ಇಂಗ್ಲಿಷಿನಲ್ಲಿ ಓದಿ ಹೇಳಿದ. ಅವಳು ಪೆನ್ನು ಹಿಡಿದವಳು ಸಹಿ ಮಾಡಲಿಲ್ಲ.

"ಇದರಲ್ಲಿ ಒಂದು ಬಿಟ್ಟುಹೋಗಿದೆ. ಡ್ರೈವರಿಗೆ ಹೊಡೆದದ್ದು."

ಅವಳು ತನ್ನ ಕೆನ್ನೆ ಮುಟ್ಟಿ ತೋರಿಸಿದಳು. ಬಾಗಿಲಲ್ಲಿ ನಿಂತಿದ್ದ ಖಲೀಲನಿಗೆ ಏನು ನಡೆಯುತ್ತಿದೆಯೆಂದು ಅರ್ಥವಾಯಿತು.

"ಬುಡಿ ಸಾರ್," ಎಂದ. "ನಮ್ಗೆ ಇದೆಲ್ಲ ಅಭ್ಯಾಸ."

ಆ ಮಾತು ಶಿವಸ್ವಾಮಿಗೆ ಕಪಾಳಕ್ಕೆ ಬಿದ್ದಂತಾಯಿತು. ಅವಳ ಕೈಯಿಂದ ಪೆನ್ನು ವಾಪಸು ತೆಗೆದುಕೊಂಡ. ದೂರಿಗೆ ಅದನ್ನೂ ಸೇರಿಸಿ, ಹೊಡೆದವರು ಯಾರು ಎಂಬಲ್ಲಿ ತನ್ನ ಹೆಸರು ಬರೆದ.