ಪಲ್ಲವಿಗೆ ಒಂದು ಸಹಿ

2025ರ ಫೆಬ್ರುವರಿ 11, ಮಂಗಳವಾರ, ಬೆಳಗ್ಗೆ ಹತ್ತು ಮುಕ್ಕಾಲು. ತುಮಕೂರಿನ ಠಾಣೆಗೆ ಬಂದ ರೂಪಶ್ರೀಯವರ ಕೈಯಲ್ಲಿ ಹೊಸ ಫ್ರಾಕಿನ ಪೊಟ್ಟಣವಿತ್ತು.

"ಒಂದು ಮಗು ಕಾಣಿಸ್ತಿಲ್ಲ ಮೇಡಂ."

ಹೆಡ್ ಕಾನ್‌ಸ್ಟೆಬಲ್ ಚೆನ್ನಮ್ಮ ಪೆನ್ನು ತೆಗೆದರು. "ನಿಮ್ ಮಗೂನಾ?"

"ಅಲ್ಲ. ನಾನು ನೋಡೇ ಇಲ್ಲ."

ರೂಪಶ್ರೀ ಒಂದು ಕಾಲಕ್ಕೆ ರಾಜ್ಯ ಖೋಖೋ ತಂಡದಲ್ಲಿ ಆಡಿದವರು. ಮಂಡಿ ಕೆಟ್ಟ ಮೇಲೆ ಜನ ಮರೆತರು. ಕಳೆದ ವರ್ಷ ಗುಬ್ಬಿಯಿಂದ ಪತ್ರ ಬಂತು: 'ನಾನು ಪಲ್ಲವಿ. ಒಂಬತ್ತು ವರ್ಷ. ನನ್ನ ಹೃದಯದಲ್ಲಿ ತೂತಿದೆ. ನಿಮ್ಮ ಆಟೋಗ್ರಾಫ್ ಕಳಿಸಿ.' ಜೊತೆಗೆ ಅಂಚೆ ಚೀಟಿ ಅಂಟಿಸಿ ತನ್ನ ವಿಳಾಸ ಬರೆದ ಖಾಲಿ ಕವರು. ಸಹಿ ಹಾಕಿದ ಫೋಟೊದ ಜೊತೆ ರೂಪಶ್ರೀ ನಾಲ್ಕು ಸಾಲು ಬರೆದರು. ಅಲ್ಲಿಂದಾಚೆಗೆ ಹತ್ತೊಂಬತ್ತು ಪತ್ರ. ಕೊನೆಯದರಲ್ಲಿ ಸೋಮವಾರ ಆಪರೇಷನ್ ಎಂದಿತ್ತು. ನಿನ್ನೆ ಅದರಲ್ಲಿ ಬರೆದಿದ್ದ ಆಸ್ಪತ್ರೆಗೆ ಹೋದರೆ ಆ ಹೆಸರಿನ ಮಗುವೇ ಇಲ್ಲ.

ಇನ್‌ಸ್ಪೆಕ್ಟರ್ ಶಿವಮೂರ್ತಿ ಪತ್ರ ತಿರುವಿದರು. "ಮಗು ಇದ್ರೆ ತಾನೇ ಕಾಣೆ ಆಗೋದು? ಯಾವನೋ ಆಟ ಆಡ್ಸವ್ನೆ."

"ಇದ್ದೇಬಿಟ್ರೆ ಸಾರ್?" ಎಂದರು ಚೆನ್ನಮ್ಮ.

ಕಾಣೆಯಾದ ಮಗು ಎಂದು ಎಫ್ಐಆರ್ ದಾಖಲಾಯಿತು. ಜೀಪು ಹೊರಟಿತು.

ಗುಬ್ಬಿಯ ವಿಳಾಸ ಒಂದು ಟೀ ಅಂಗಡಿ. ಒಡತಿ ಚಿಕ್ಕಮಾರಮ್ಮ ಒಲೆ ಬಿಟ್ಟೇಳಲಿಲ್ಲ. "ಒಬ್ರು ಅಯ್ನೋರು ಗುರುವಾರ ಗುರುವಾರ ಕುಣಿಗಲ್ ಕಡೆ ಬಸ್ಸಲ್ಲಿ ಬಂದು ಕಾಗ್ದ ತಗೊಂಡೋಯ್ತರೆ. ಮೊಮ್ಮಗಳ್ಗಂತೆ."

"ಹೆಸ್ರೇನು?"

"ಟೀ ಕುಡ್ಯೋರ್ ಹೆಸ್ರು ನಾನ್ಯಾಕವ್ವ ಕೇಳ್ಲಿ? ಪೊಲೀಸ್ನೋರ್ ಬಂದ್ರೆ ಹೆಸ್ರೂ ಕೇಳಕಿಲ್ಲ, ಕಾಸೂ ಕೇಳಕಿಲ್ಲ."

ಕುಡಿಯದ ಟೀಗೂ ಚೆನ್ನಮ್ಮ ಹತ್ತು ರೂಪಾಯಿ ಇಟ್ಟರು.

ಗುರುವಾರಕ್ಕೆ ಇನ್ನೂ ಎರಡು ದಿನ. ಮಗು ನಿಜವಾಗಿದ್ದರೆ ಅಷ್ಟು ಕಾಯುವಂತಿಲ್ಲ. ಜೀಪಿನಲ್ಲಿ ಚೆನ್ನಮ್ಮ ಪತ್ರಗಳನ್ನು ತೊಡೆಯ ಮೇಲೆ ಹರಡಿಕೊಂಡರು. ಅಕ್ಷರಗಳು ಬೇಕೆಂದೇ ಸೊಟ್ಟಗಿದ್ದವು. ಆದರೆ ಪ್ರತಿ ಪತ್ರದಲ್ಲೂ ಕೊನೆಯ ಸಾಲಿನ ಕೆಳಗೆ ಉಳಿದ ಜಾಗಕ್ಕೆ ಓರೆಯಾಗಿ ಒಂದು ಗೆರೆ ಹೊಡೆದಿತ್ತು. ತಮ್ಮನ ಸೈಟು ನೋಂದಣಿಯಾದಾಗ ಪತ್ರ ಬರಹಗಾರ ಹೀಗೇ ಗೆರೆ ಎಳೆದಿದ್ದ. ಆಮೇಲೆ ಯಾರೂ ಏನೂ ಸೇರಿಸಬಾರದೆಂದು.

"ಸಾರ್, ಇದು ಕ್ರಯಪತ್ರ ಬರ್ದು ಪಳಗಿರೋ ಕೈ. ಕುಣಿಗಲ್ಲಿಗೆ ನಡೀರಿ."

ಮಧ್ಯಾಹ್ನ 3.20. ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಸಾಲಾಗಿ ಕಂಪ್ಯೂಟರುಗಳು. ಒಬ್ಬಾಕೆ ಮೂಲೆಯತ್ತ ಗದ್ದದಲ್ಲೇ ಸನ್ನೆ ಮಾಡಿದಳು. "ಕೈಯಲ್ಲಿ ಬರೆಯೋರು ಈಗ ಅವರೊಬ್ರೇ. ಅವರ ಹತ್ರ ಯಾರೂ ಹೋಗಲ್ಲ ಬಿಡಿ."

ಅಲ್ಲಿ ಸದಾಶಿವಯ್ಯ ಕೂತಿದ್ದರು. ಅರವತ್ತೇಳು ವರ್ಷ, ಹಣೆ ತುಂಬ ವಿಭೂತಿ.

"ಪಲ್ಲವಿ ಎಲ್ಲಿ?" ಶಿವಮೂರ್ತಿ ಕೇಳಿದರು.

ಸದಾಶಿವಯ್ಯ ಪೆನ್ನಿಗೆ ಮುಚ್ಚಳ ಹಾಕಿದರು. "ಇಲ್ಲ."

"ಇಲ್ಲ ಅಂದ್ರೆ? ಸತ್ತೋದ್ಲಾ?"

"ಹುಟ್ಟೇ ಇಲ್ಲ ಸಾರ್."

ಅವರು ಒಂಟಿಯಾಗಿದ್ದ ಬಾಡಿಗೆ ಕೋಣೆಯಲ್ಲಿ ಪಂಚರ ಎದುರು ಟ್ರಂಕು ತೆರೆದರು. ಆಟಗಾರರದು, ಹಾಡುಗಾರರದು, ನಟರದು ಸೇರಿ ಅರವತ್ತೊಂದು ಪತ್ರ. ಒಂದನ್ನೂ ಮಾರಿರಲಿಲ್ಲ. ಓದಿ ಓದಿ ಕಾಗದದ ಮಡಿಕೆಗಳು ಹರಿದಿದ್ದವು. 5.10ಕ್ಕೆ ಪಂಚನಾಮೆ ಮುಗಿಯಿತು.

"ಯಾಕ್ ಮಾಡಿದ್ರಿ?" ಚೆನ್ನಮ್ಮ ಕೇಳಿದರು.

"ಮೊದ್ಲು ನನ್ ಹೆಸ್ರಲ್ಲೇ ಬರೀತಿದ್ದೆ. ಅಚ್ಚು ಹಾಕಿದ ಫೋಟೊ ಬರೋದು, ಅಷ್ಟೇ. ಮಗೂಗೆ ಅಂದ್ರೆ ಕೂತು ಬರೀತಾರೆ. ಊಟ ಮಾಡಿದ್ಯಾ ಅಂತಾರೆ."

"ಗುಬ್ಬಿ ವಿಳಾಸ ಯಾಕೆ?"

"ಇಲ್ಲಿನ ಪೋಸ್ಟ್‌ಮ್ಯಾನ್‌ಗೆ ಗೊತ್ತು, ನಂಗ್ಯಾರೂ ಇಲ್ಲ ಅಂತ."

"ರೂಪಶ್ರೀಯವರಿಗೆ ಆಪರೇಷನ್ ಅಂತ ಯಾಕೆ ಬರೆದ್ರಿ?"

"ಆಯಮ್ಮ ನೋಡೋಕೆ ಬರ್ತೀನಿ ಅಂದ್ರು. ಹೆದರಿಕೆ ಆಯ್ತು. ಆಪರೇಷನ್ ಫೇಲಾಯ್ತು, ಮಗು ಹೋಯ್ತು ಅಂತ ನಿನ್ನೆ ಬರೀಬೇಕಿತ್ತು. ಕೈ ಬರಲಿಲ್ಲ ಮೇಡಂ."

ಸಂಜೆ ಠಾಣೆಯಲ್ಲಿ ಚೆನ್ನಮ್ಮ ರೂಪಶ್ರೀಗೆ ವಿಷಯ ತಿಳಿಸಿದರು.

"ಹಾಗಾದ್ರೆ ಯಾವ ಮಗೂಗೂ ನೋವಿಲ್ಲ ಅಲ್ವಾ?"

"ಇಲ್ಲಮ್ಮ. ಬೇಕಾದ್ರೆ ಕೇಸು ಇಲ್ಲಿಗೇ ಬಿಡಬಹುದು."

"ಬೇಡ. ನಮ್ಮಮ್ಮ ತೀರಿಕೊಂಡಿದ್ದನ್ನ ನಾನು ಬೇರೆ ಯಾರಿಗೂ ಬರ್ದಿರ್ಲಿಲ್ಲ. ಆ ಮಗೂಗೆ ಬರ್ದಿದ್ದೆ." ಫ್ರಾಕಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟರು. "ಕೇಸು ಇರ್ಲಿ."

ಎಫ್ಐಆರ್‌ನಲ್ಲಿ ಕಲಂ ಬದಲಾಯಿತು: ಸೋಗು ಹಾಕಿ ವಂಚನೆ. ಜೀಪಿನಲ್ಲಿ ಕರೆತಂದಿದ್ದ ಸದಾಶಿವಯ್ಯನವರನ್ನು ರಾತ್ರಿ 7.40ಕ್ಕೆ ದಸ್ತಗಿರಿ ಮಾಡಿದರು. ಜಾಮೀನು ಸಿಗುವ ಅಪರಾಧವಾದ್ದರಿಂದ ಶಿವಮೂರ್ತಿ ಬಾಂಡಿನ ಕಾಗದ ಸಿದ್ಧಪಡಿಸಲು ಹೇಳಿ ಒಳಗೆ ಹೋದರು. ದಸ್ತಗಿರಿ ಪತ್ರದ ಕಾಲಂಗಳನ್ನು ಚೆನ್ನಮ್ಮ ಒಂದೊಂದಾಗಿ ತುಂಬಿಸುತ್ತ ಬಂದು ಒಂದರಲ್ಲಿ ನಿಂತರು.

"ಅಯ್ನೋರೆ, ನಿಮ್ಮನ್ನ ಅರೆಸ್ಟ್ ಮಾಡಿರೋದು ನಿಮ್ಮ ಕಡೆಯೋರಿಗೆ ತಿಳಿಸ್ಬೇಕು. ನೆಂಟ್ರೋ ಸ್ನೇಹಿತ್ರೋ, ಒಂದು ಹೆಸ್ರು ಹೇಳಿ."

ಸದಾಶಿವಯ್ಯ ಯೋಚಿಸಿದರು. ಗೋಡೆ ನೋಡಿದರು. ಮತ್ತೆ ಯೋಚಿಸಿದರು.

"ರೂಪಶ್ರೀ ಅಂತ ಬರೀರಿ."

"ಕಂಪ್ಲೇಂಟ್ ಕೊಟ್ಟಿರೋದೇ ಅವ್ರು."

"ಗೊತ್ತು ಮೇಡಂ," ಎಂದರು ಅವರು. ವಿಳಾಸವನ್ನು ಮನೆ ನಂಬರು, ಅಡ್ಡರಸ್ತೆ, ಪಿನ್‌ಕೋಡ್ ಸಮೇತ ತಡವರಿಸದೆ ಹೇಳಿದರು.

ಚೆನ್ನಮ್ಮ ಬರೆದುಕೊಂಡರು.