ಆಯುಧಪೂಜೆಗೆ ತೊಳೆದ ಹೊಲ

ಮಳೆ ಹಿಂದೆ ಸರಿದು ಬಿಸಿಲು ಹದವಾಗಿತ್ತು. ನಾಳೆ ಆಯುಧಪೂಜೆ. ನಂಜುಮಳಿಗೆಯ ರಸ್ತೆಬದಿಯಲ್ಲಿ ಬೂದುಗುಂಬಳ, ಬಾಳೆಕಂದು, ಸೇವಂತಿಗೆ ರಾಶಿ ಬಿದ್ದಿದ್ದವು. ಸೈಕಲ್ ಶಾಪಿನವನು ಸ್ಪ್ಯಾನರುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸುತ್ತಿದ್ದ. ಎದುರಿನ ದರ್ಜಿ ಹೊಲಿಗೆ ಮೆಷಿನ್ನನ್ನು ಫುಟ್‌ಪಾತಿಗೆ ತಂದು ಮೀಯಿಸುವವನ ಹಾಗೆ ಉಜ್ಜುತ್ತಿದ್ದ.

ಗುರುಮಲ್ಲಪ್ಪನವರ ಪ್ರಿಂಟಿಂಗ್ ಅಂಗಡಿಯಲ್ಲೂ ಅದೇ ಕೆಲಸ. ಅವರದು ಹಳೆಯ ಕಟ್ಟುನಿಟ್ಟು. ಕತ್ತರಿಯಿಂದ ಹಿಡಿದು ಲ್ಯಾಮಿನೇಷನ್ ಮೆಷಿನ್ನಿನವರೆಗೆ ಎಲ್ಲವೂ ಇದ್ದ ಜಾಗದಿಂದ ಕೆಳಗಿಳಿಯಬೇಕು, ತೊಳೆಸಿಕೊಳ್ಳಬೇಕು, ಮತ್ತೆ ಅದೇ ಜಾಗಕ್ಕೆ ಹೋಗಿ ಕೂರಬೇಕು.

ಕಂಪ್ಯೂಟರಿನ ಹೊಣೆ ಮಗಳು ನಿಶ್ಚಿತಾಳದು. ಮದುವೆ ಕಾರ್ಡು, ಬ್ಯಾನರು ಎಲ್ಲವನ್ನೂ ಅದರಲ್ಲೇ ಅವಳು ವಿನ್ಯಾಸ ಮಾಡುತ್ತಿದ್ದಳು. ಹೊರಗೆ ಒರೆಸಿದರೆ ಸಾಲದು, ಒಳಗೂ ಚೊಕ್ಕವಾಗಬೇಕು ಎನ್ನುವುದು ಅಪ್ಪನ ನಿಯಮಕ್ಕೆ ಅವಳು ಸೇರಿಸಿಕೊಂಡ ನಿಯಮ. ಬೆಳಿಗ್ಗೆಯಿಂದ ಕೂತು ಹಳೆಯ ಕಾರ್ಡುಗಳನ್ನು ತೆಗೆದಳು, ಹಳೆಯ ಬ್ಯಾನರುಗಳನ್ನು ತೆಗೆದಳು. ಕೊನೆಗೆ ತಾನು ಅದರಲ್ಲಿ ಆಡುತ್ತಿದ್ದ ಆಟವನ್ನೂ ಪೂರ್ತಿ ಕಿತ್ತು ತೆಗೆದು, ತೊಳೆದ ಪಾತ್ರೆಯನ್ನು ಗೂಡಿಗಿಡುವ ಹಾಗೆ, ಹೊಸದಾಗಿ ಹಾಕಿದಳು.

ಹಾಕಿ, ತೆರೆದು ನೋಡಿದಳು.

ಪರದೆಯ ಮೇಲೆ ಒಂದೇ ಸಾಲು ಇತ್ತು. ಹೊಸ ಲೋಕ ಆರಂಭಿಸಿ.

ಹಳೆಯ ಲೋಕ ಎಲ್ಲಿ? ಹುಡುಕಿದಳು. ಕಸದಬುಟ್ಟಿಯನ್ನೂ ಆಗಲೇ ಖಾಲಿ ಮಾಡಿಯಾಗಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕರೆದರು.

"ಬಿಲ್ವ?"

ಆ ಹೆಸರಿನಿಂದ ಅವಳನ್ನು ಕರೆಯುವವನು ಭೂಮಿಯ ಮೇಲೆ ಒಬ್ಬನೇ. ಆ ದನಿಯನ್ನು ಅವಳು ಇಷ್ಟು ದಿನ ಹೆಡ್‌ಫೋನಿನಲ್ಲಿ ಮಾತ್ರ ಕೇಳಿದ್ದಳು. ತಿರುಗಿದಳು. ಇಸ್ತ್ರಿ ಮಾಡಿದ ನೀಲಿ ಅಂಗಿಯ ಎತ್ತರದ ಹುಡುಗ ನಿಂತಿದ್ದ. ಅವನ ತೋಳು ಹಿಡಿದು, ಹಬ್ಬದ ಸೀರೆ ಉಟ್ಟು, ಬಾಯ್ತುಂಬ ಎಲೆಯಡಿಕೆ ಹಾಕಿಕೊಂಡ ಒಬ್ಬ ಅಜ್ಜಿ.

"ಬಂದ್ಬುಟ್ಟೆ" ಎಂದ ಅವನು. "ಅಜ್ಜೀಗೆ ದಸರಾ ಲೈಟು ತೋರಿಸೋಕೆ ಅಂತ ಹೊರಟ್ವಿ. ಅದಕ್ಕೂ ಮುಂಚೆ ನಮ್ಮ ಹೊಲ ತೋರಿಸ್ಬುಡೋಣ ಅಂತ."

*

ಅವನು ಮಹೇಂದ್ರ. ಹೂಟಗಳ್ಳಿಯವನು, ಅಲ್ಲಿನ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಮೇಲೆ ಕೆಲಸ. ಇಬ್ಬರಿಗೂ ಪರಿಚಯವಾದದ್ದು 'ಏಳು ಕಣಿವೆ' ಎಂಬ ಆಟದಲ್ಲಿ. ಅದು ಇನ್ನೂ ಮುಗಿಯದ ಆಟ. ಕಟ್ಟುತ್ತಿರುವಾಗಲೇ ಆಡಲು ಬಿಟ್ಟಿದ್ದರು. ಅದಕ್ಕೆ ಅರ್ಲಿ ಆಕ್ಸೆಸ್ ಎನ್ನುತ್ತಾರೆ. ಗಾರೆ ಒಣಗುವ ಮೊದಲೇ ಗೃಹಪ್ರವೇಶ ಮಾಡಿದ ಮನೆಯ ಹಾಗಿತ್ತು ಅದು. ಆ ರಾಜ್ಯದಲ್ಲಿ ಹಸುಗಳು ಗೋಡೆಯೊಳಗಿಂದ ನಡೆದು ಹೋಗುತ್ತಿದ್ದವು. ಬೆಂಕಿಯುಗುಳುವ ಮೃಗಕ್ಕೆ ಇನ್ನೂ ಸದ್ದು ಕೊಟ್ಟಿರಲಿಲ್ಲ, ಪಾಪ ಬಾಯಿ ತೆರೆದು ಮುಚ್ಚುತ್ತಿತ್ತು.

ಅದರಲ್ಲಿ ನಿಶ್ಚಿತಾ ಬಿಲ್ವ ಎಂಬ ನಾಟಿವೈದ್ಯೆ, ಮಹೇಂದ್ರ ಕೂಳೆ ಎಂಬ ಕುಶಲಕರ್ಮಿ. ಮೊದಲ ಸಲ ಸಿಕ್ಕಿದ ದಿನವೇ ಅವಳು ಒಂದು ಆಳದ ಬಾವಿಗೆ ಬಿದ್ದಳು. ಆ ಬಾವಿಯನ್ನೂ ಪೂರ್ತಿ ಮಾಡಿರಲಿಲ್ಲ, ಮೇಲೆ ಬರಲು ದಾರಿಯೇ ಇರಲಿಲ್ಲ. ಅದು ಗೊತ್ತಿದ್ದೂ ಅವನು ಹಿಂದೆಯೇ ಧುಮುಕಿದ. ಆಟವನ್ನು ಮೊದಲಿಂದ ಶುರುಮಾಡಬೇಕಾಗಿ ಬಂದು, ಕಷ್ಟಪಟ್ಟು ಗಳಿಸಿದ ಕತ್ತಿ, ಕವಚ ಎಲ್ಲ ಕಳೆದುಕೊಂಡ. ಯಾಕೆ ಬಿದ್ದಿರಿ ಎಂದು ಕೇಳಿದ್ದಕ್ಕೆ, ಒಬ್ರೇ ಕೂತ್ಕೋಬೇಕಲ್ಲ ಪಾಪ ಎಂದ. ಆ ಋಣ ತೀರಿಸುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು.

ಆಮೇಲೆ ಅವನು ಕತ್ತಿಯ ಗೋಜಿಗೆ ಹೋಗಲಿಲ್ಲ. ಮೂರನೆಯ ಕಣಿವೆಯಲ್ಲಿ ಒಂದು ಹೊಲ ಕಟ್ಟತೊಡಗಿದ. ಹೂಟಗಳ್ಳಿಯಲ್ಲಿ ಅವರಿಗಿದ್ದ ಹೊಲ ಅದು. ಅವನು ಹುಟ್ಟುವ ಮೊದಲೇ ಸೈಟುಗಳಾಗಿ ಮನೆಗಳೆದ್ದಿದ್ದವು. ಅವನಿಗೆ ಅದು ಗೊತ್ತಿದ್ದದ್ದು ಅಜ್ಜಿ ಲಕ್ಷ್ಮಮ್ಮನ ಬಾಯಲ್ಲಿ ಮಾತ್ರ. ಅಜ್ಜಿ ಪಕ್ಕದಲ್ಲಿ ಕೂತು ಹೇಳುತ್ತಿದ್ದಳು, ಅವನು ಕಟ್ಟುತ್ತಿದ್ದ. ಹುಣಸೇಮರ, ಅದರ ಬುಡಕ್ಕೆ ಬಾವಿ, ಬಾವಿಯಿಂದ ಕಾಲುವೆ, ಬದುವಿನ ಮೇಲೆ ತೊಗರಿ ಸಾಲು. ಕೋಟೆ ಕಟ್ಟಬೇಕಾದ ಕಲ್ಲಿನಲ್ಲಿ ಅವನು ಕಣ ಮಾಡಿದ. ನಿಶ್ಚಿತಾ ಮದ್ದಿನ ಗಿಡಗಳನ್ನೇ ರಾಗಿಯ ಪೈರಿನ ಹಾಗೆ ಸಾಲು ಹಿಡಿದು ನೆಟ್ಟಳು. ಹೆಡ್‌ಫೋನಿನಲ್ಲಿ ಅಜ್ಜಿ ಬೈಯುವುದೂ ಕೇಳುತ್ತಿತ್ತು. ಅಷ್ಟು ಒತ್ತೊತ್ತಾಗಿ ನೆಟ್ರೆ ತೆನೆ ಎಲ್ಲಿ ಬಂದಾತು, ಆ ಹುಡ್ಗೀಗೆ ಹೇಳ್ಲಾ...

ಬೇಸಿಗೆಯ ಹೊತ್ತಿಗೆ ಅಜ್ಜಿಗೆ ಮರೆವು ಶುರುವಾಯಿತು. ಮೊಮ್ಮಗನನ್ನು ಚೆಲುವರಾಜು ಎಂದು ಅವನ ಅಪ್ಪನ ಹೆಸರಿನಿಂದ ಕರೆಯತೊಡಗಿದಳು. ಬಾವಿ ಎಲ್ಲಿತ್ತು ಎಂದರೆ ಯಾವ ಬಾವಿ ಎನ್ನುತ್ತಿದ್ದಳು. ಪುಣ್ಯಕ್ಕೆ ಅಷ್ಟರೊಳಗೆ ಹೊಲ ಮುಗಿದಿತ್ತು. ಅಜ್ಜಿಯ ತಲೆಯಿಂದ ಹೋದದ್ದು ಅದೊಂದು ಕಡೆ ಉಳಿದಿತ್ತು. ಮಹೇಂದ್ರನ ಹಳೇ ಲ್ಯಾಪ್‌ಟಾಪು ಏದುಸಿರು ಬಿಡುತ್ತಿದ್ದುದರಿಂದ ಆ ಲೋಕ ಪೂರ್ತಿ ಇದ್ದದ್ದು ನಿಶ್ಚಿತಾಳ ಕಂಪ್ಯೂಟರಿನಲ್ಲಿ. ಬೇರೆ ಆಟಗಳು ನಮ್ಮ ಲೋಕದ ಒಂದು ಪ್ರತಿಯನ್ನು ತಮ್ಮಲ್ಲೂ ಇಟ್ಟುಕೊಂಡಿರುತ್ತವೆ, ಕಿತ್ತು ಹಾಕಿದರೂ ಮರಳಿ ಕೊಡುತ್ತವೆ. ಇದೂ ಕೊಡುತ್ತದೆ ಎಂದುಕೊಂಡಿದ್ದಳು. ಆ ಅನುಕೂಲವನ್ನೂ ಇನ್ನೂ ಕಟ್ಟಿರಲಿಲ್ಲ.

*

ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಮಹೇಂದ್ರ ಪರದೆಯ ಕಡೆ ಕೈ ತೋರಿಸಿದ. ಇಷ್ಟು ದೊಡ್ಡದರಲ್ಲಿ ನೋಡಿದರೆ ಅಜ್ಜಿಗೆ ನೆನಪಾದರೂ ಆದೀತು ಎಂಬ ಆಸೆ ಅವನ ಮುಖದಲ್ಲಿತ್ತು.

ಹೇಳಿಬಿಡು, ಈಗಲೇ ಹೇಳಿಬಿಡು... ಎಂದು ಅವಳ ಮನಸ್ಸು ಹೊಡೆದುಕೊಂಡಿತು. ಆದರೆ ಮೊದಲ ಸಲ ಎದುರಿಗೆ ಬಂದವನ ಕಣ್ಣಲ್ಲಿ ಅಷ್ಟು ಬೆಳಕು ಕಂಡು ಬಾಯಿ ಬೇರೇನೋ ಹೇಳಿತು.

"ಹೊಸ ವರ್ಷನ್ ಬಂತು. ಅದು... ಹಳೇ ಲೋಕಾನ ತಿಂದುಹಾಕಿದೆ."

ಅವನು ಅವಳನ್ನೇ ನೋಡಿದ. ಒಂದು ಗಳಿಗೆ ಏನನ್ನೋ ಕೇಳುವವನ ಹಾಗೆ ತುಟಿ ತೆರೆದ. ಕೇಳಲಿಲ್ಲ. ಕಣ್ಣಿನ ಬೆಳಕು ಮಾತ್ರ ಆರಿತು.

"ಹೋಗ್ಲಿ ಬಿಡಿ" ಎಂದ. "ನಿಮಗೆ ತೊಂದರೆ ಕೊಟ್ವಿ."

ಹಿಂದಿನ ದಿನದವರೆಗೂ ನೀನು ಎನ್ನುತ್ತಿದ್ದವನು. ಅವಳಿಗೆ ಆ 'ನಿಮಗೆ' ಎಂಬುದು ಎದೆಗೇ ತಾಕಿತು.

ಅಜ್ಜಿ ಹೊರಡುವಾಗ ಅವಳ ಗಲ್ಲ ಸವರಿ, ಎಂಗಿದ್ದೀಯವ್ವ, ಬಡವಾಗಿದ್ದೀಯ ಎಂದಳು. ಲೈಟು ನೋಡಲು ಹೊರಟ ಇಬ್ಬರೂ ಜನರ ನಡುವೆ ಮರೆಯಾದರು.

ಮಾರನೆಯ ದಿನ ಗುರುಮಲ್ಲಪ್ಪ ಸ್ನಾನ ಮಾಡಿ ಬಂದು ಕಂಪ್ಯೂಟರಿನ ಹಣೆಗೆ ವಿಭೂತಿ ಎಳೆದು, ಹೂವಿಟ್ಟು, ಆರತಿ ಎತ್ತಿದರು. ಮಗಳು ಕೈ ಚಾಚಲಿಲ್ಲ. ತಲೆನೋವೇ ಎಂದು ಕೇಳಿದ್ದಕ್ಕೆ ಹೂಂ ಎಂದಳು. ಪರದೆಯ ಮೇಲಿನ ಆ ಮೂರು ಬೆಳ್ಳಗಿನ ಗೆರೆಗಳು ಅವಳಿಗೆ ಅಳಿಸಿದ ಗುರುತಿನ ಹಾಗೆಯೇ ಕಂಡವು.

*

ದಸರಾ ಮುಗಿಯಿತು, ದೀಪಾವಳಿ ಬಂದು ಹೋಯಿತು. ಅವಳು ಆಟ ತೆರೆಯುವುದನ್ನೇ ಬಿಟ್ಟಳು. ಮಹೇಂದ್ರ ಆಗಾಗ ಮೆಸೇಜು ಹಾಕುತ್ತಿದ್ದ. ಚೆನ್ನಾಗಿದ್ದೀರಾ, ಕೆಲಸ ಹೇಗಿದೆ, ಅಷ್ಟೆ. ಹೊಲದ ಮಾತು ಎತ್ತುತ್ತಲೇ ಇರಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವನ ಸಭ್ಯತೆಯೇ ಅವಳನ್ನು ಹಿಂಡುತ್ತಿತ್ತು.

ನಾನು ಅಳಿಸಿದ್ದು ಒಂದು ಆಟವನ್ನಲ್ಲ... ಆ ಅಜ್ಜಿಯ ತಲೆಯಲ್ಲಿ ಇಲ್ಲದ್ದನ್ನು, ಊರಲ್ಲೂ ಇಲ್ಲದ್ದನ್ನು ಅಳಿಸಿದೆ. ಮೇಲಿಂದ ಸುಳ್ಳು ಬೇರೆ.

ಹೂಟಗಳ್ಳಿಯ ಹೊಸ ಬಡಾವಣೆಯ ಬ್ಯಾನರಿಗೆ ಸೈಟಿನ ಚೌಕಗಳನ್ನು ಎಳೆಯಬೇಕಾಗಿ ಬಂದ ದಿನ ಅವಳ ಕೈ ಓಡಲೇ ಇಲ್ಲ. ಗುರುಮಲ್ಲಪ್ಪ ಮಗಳ ಮುಖ ನೋಡಿ, ಯಾರಿಗೆ ಏನು ಹೇಳಬೇಕೋ ಹೋಗಿ ಹೇಳಿ ಬಾ, ಅಂಗಡಿ ನಾನು ನೋಡ್ಕೋತೀನಿ ಎಂದರು. ಅವರಿಗೆ ಏನು ಗೊತ್ತಿತ್ತೋ, ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಅವರೆಕಾಯಿಯ ಕಾಲ ಬಂದಿತ್ತು. ಭಾನುವಾರ ಬೆಳಿಗ್ಗೆ ಸೊಗಡವರೆಯ ಚೀಲ ಹಿಡಿದು ಅವಳು ಹೂಟಗಳ್ಳಿಯಲ್ಲಿ ಬಸ್ಸಿಳಿದಳು. ಕೇಳಿಕೊಂಡು ಹೋದ ಮನೆಯ ಜಗಲಿಯ ಮೇಲೆ ಲಕ್ಷ್ಮಮ್ಮ ಕಾಲು ಚಾಚಿ ಕೂತು, ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದಳು. ಎರಡು ಬೆರಳ ನಡುವೆ ಕಾಳು ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಂಗನೆ ಬೋಗುಣಿಗೆ ಬೀಳುತ್ತಿತ್ತು. ಮರೆವು ಆ ಬೆರಳುಗಳ ಹತ್ತಿರ ಇನ್ನೂ ಬಂದಿರಲಿಲ್ಲ.

ಅಜ್ಜಿ ಅವಳನ್ನು ಮಂಡಕಳ್ಳಿಯ ನಾದಿನಿಯ ಮಗಳು ಎಂದುಕೊಂಡಳು. ಬಸ್ಸು ಸಿಕ್ತಾ, ನಿಮ್ಮವ್ವನ ಮಂಡಿನೋವು ಎಂಗದೆ ಎಂದು ವಿಚಾರಿಸಿ, ಉತ್ತರಕ್ಕೆ ಕಾಯದೆ ಒಂದು ಬೊಗಸೆ ಕಾಳು ಮಡಿಲಿಗೆ ಸುರಿದಳು. ನಿಶ್ಚಿತಾ ಹಿತುಕತೊಡಗಿದಳು. ಕೈಗೆ ಕೆಲಸ ಸಿಕ್ಕಿದ ಮೇಲೆ ಮಾತೂ ಬಂತು.

"ಅಜ್ಜಿ, ನಿಮ್ಮ ಹೊಲ ಅಳಿಸಿದ್ದು ನಾನೇ. ಹಬ್ಬಕ್ಕೆ ಅಂತ ಕ್ಲೀನ್ ಮಾಡೋಕೆ ಹೋಗಿ ಹಾಳು ಮಾಡ್ಬಿಟ್ಟೆ. ಆಮೇಲೆ ಸುಳ್ಳು ಹೇಳಿದೆ."

ಅಜ್ಜಿಯ ಬೆರಳು ನಿಲ್ಲಲಿಲ್ಲ.

"ನೀನ್ಯಾಕವ್ವ ಅಳಿಸೀಯೆ? ನಾವೇ ಮಾರ್ಕಂಡಿದ್ದು. ಹೆಬ್ಬೆಟ್ಟು ಒತ್ತಿದೋಳು ನಾನೇ. ನಿಂಗೇನು ಗೊತ್ತು, ನೀನಿನ್ನೂ ಕೂಸು."

ನಿಶ್ಚಿತಾಳ ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಕೈಯೆತ್ತಿದಾಗ ಬಾಗಿಲಲ್ಲಿ ಮಹೇಂದ್ರ ನಿಂತಿರುವುದು ಕಂಡಿತು. ರಾತ್ರಿ ಶಿಫ್ಟು ಮುಗಿಸಿ ಮಲಗಿದ್ದವನು, ಎದ್ದು ಬಂದಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ನನಗೆ ಗೊತ್ತಿತ್ತು" ಎಂದ.

ಅವಳು ಎದ್ದು ನಿಂತಳು. ಮಡಿಲಿನ ಕಾಳು ಚೆಲ್ಲಿತು.

"ಆ ವರ್ಷನ್ ಬಂದಿದ್ದೇ ವಿಜಯದಶಮಿ ಆದ್ಮೇಲೆ. ನೀವು ಹೇಳಿದ ದಿನ ಬಂದೇ ಇರ್ಲಿಲ್ಲ."

"ಮತ್ತೆ... ಯಾಕೆ ಕೇಳ್ಲಿಲ್ಲ?"

ಅವನು ಜಗಲಿಯ ತುದಿಯಲ್ಲಿ ಕೂತ. ಮುಖ ನೋಡದೆ ಹೇಳಿದ. ಆ ಭೇಟಿಯ ಹಿಂದಿನ ದಿನ ಅವನು ಅಂಗಡಿಗೆ ಬರಲೇ ಎಂದು ಕೇಳಿದ್ದನಲ್ಲ, ಅವಳು ನಕ್ಕು ಬಾ ನೋಡೋಣ ಎಂದಿದ್ದಳಲ್ಲ. ಬಂದು ನೋಡಿದರೆ ಹೊಲವೇ ಇಲ್ಲ, ಬಾಯಲ್ಲಿ ಸುಳ್ಳು. ಆಟದಲ್ಲಷ್ಟೇ ಇರು, ಎದುರಿಗೆ ಬರಬೇಡ ಅಂತ ಅವಳು ಬೇಕೆಂದೇ ಅಳಿಸಿದ್ದಾಳೆ ಎಂದುಕೊಂಡಿದ್ದ. ಬೇಡ ಅಂದವರನ್ನು ಕಾರಣ ಕೇಳಬಾರದು ಎಂದು ಸುಮ್ಮನಾಗಿದ್ದ.

ನಿಶ್ಚಿತಾ ಇಷ್ಟು ದಿನ ತನ್ನ ತಪ್ಪಿನ ಭಾರವನ್ನು ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದಳು. ಅದರ ಇನ್ನೊಂದು ತುದಿಯನ್ನು ಇವನ ಹೆಗಲಿಗೂ ಕೊಟ್ಟಿದ್ದಳು.

"ಬೇಡ ಅಂತಲ್ಲ ಮಹೇಂದ್ರ. ನೀನು ಬಂದಾಗ ನಿನ್ನ ಮುಖ ನೋಡಿ ಭಯ ಆಯ್ತು. ಗೊತ್ತಾದ್ರೆ ಇನ್ಯಾವತ್ತೂ ಬರಲ್ಲ ಅನ್ನಿಸ್ತು. ಬರ್ತಾನೇ ಇರ್ಲಿ ಅಂತ ಸುಳ್ಳು ಹೇಳಿದೆ."

ಅವನು ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಆಯ್ದ.

"ಅಳಿಸಿದ್ದಕ್ಕೆ ಸಿಟ್ಟಿಲ್ಲ" ಎಂದ ಕೊನೆಗೆ. "ಸುಳ್ಳಿಗೆ ಸಿಟ್ಟಿದೆ. ಅದು ಹೋಗೋಕೆ ಸ್ವಲ್ಪ ದಿನ ಬೇಕು."

"ಹೊಲ ಮತ್ತೆ ಸಿಗಲ್ಲ ಅಲ್ವಾ?"

"ಸಿಗಲ್ಲ."

ಅಜ್ಜಿ ಇಬ್ಬರನ್ನೂ ನೋಡಿದಳು. ಯಾವ ಹೊಲ, ಹುಣಸೇಮರದ ಹೊಲವಾ ಎಂದಳು. ಮಹೇಂದ್ರ ತಲೆಯೆತ್ತಿದ. ಅಜ್ಜಿ ಬೇಳೆಯ ಕೈಯಲ್ಲೇ ಸಿಪ್ಪೆಗಳನ್ನು ನೆಲದ ಮೇಲೆ ಸಾಲು ಮಾಡಿದಳು. ಇದು ಬದು, ಇದು ಕಾಲುವೆ. ಒಂದು ದಪ್ಪ ಕಾಳನ್ನು ಮೂಲೆಯಲ್ಲಿಟ್ಟು ಬಾವಿ ಇಲ್ಲಿ ಎಂದಳು.

ಆಟದಲ್ಲಿ ಬಾವಿ ಹುಣಸೇಮರದ ಬುಡದಲ್ಲಿತ್ತು. ಈಗ ಆಚೆ ಮೂಲೆಗೆ ಹೋಗಿತ್ತು. ಯಾವುದು ನಿಜವೋ, ಹೇಳುವವರು ಇನ್ನಾರೂ ಇರಲಿಲ್ಲ. ಮಹೇಂದ್ರ ಒಳಗೆ ಹೋಗಿ ಹಳೇ ಲ್ಯಾಪ್‌ಟಾಪು ತಂದ. ತೆರೆದು, ಅವಳ ಕಡೆ ತಿರುಗಿಸಿದ.

"ಹೊಸದು ಶುರು ಮಾಡೋಣ. ಅಜ್ಜಿ ಇವತ್ತು ಎಲ್ಲಿ ಅಂತಾಳೋ ಅಲ್ಲೇ ಬಾವಿ. ಲೋಕ ಮಾತ್ರ ನಿನ್ನ ಕಂಪ್ಯೂಟರಲ್ಲೇ ಇರ್ಲಿ."

ನಿನ್ನ ಎಂದಿದ್ದ.

"ನನ್ನತ್ರ ಬೇಡ. ಮತ್ತೆ ಆಯುಧಪೂಜೆ ಬರತ್ತೆ."

"ಬರ್ಲಿ. ಅವತ್ತು ನಾನೂ ಬಂದು ಪಕ್ಕದಲ್ಲಿ ಕೂತ್ಕೋತೀನಿ. ನಿನ್ನತ್ರಾನೇ ಇರ್ಬೇಕು ಅಂತ ನನಗಾಸೆ. ಹೊಲಾನೂ, ನಾನೂ."

ಅವನು ಆಯ್ದಿಟ್ಟಿದ್ದ ಕಾಳುಗಳನ್ನು ಎತ್ತಿ ಅವಳ ಕಡೆ ಚಾಚಿದ. ಅವಳು ಅವನ್ನು ತನ್ನ ಕೈಗೆ ತೆಗೆದುಕೊಂಡಳು. ಬೆರಳು ತಾಕಿ, ಅಲ್ಲೇ ಉಳಿಯಿತು.

"ಬಾವೀಲಿ ಜೊತೆಗೆ ಕೂತಿದ್ನಲ್ಲ, ಆ ಋಣ ಹಂಗೇ ಇದೆ" ಎಂದ ಮೆಲ್ಲಗೆ. "ಈಗ ಇದೂ ಸೇರ್ತು."

"ಇರ್ಲಿ. ತೀರಿಸಲ್ಲ."

"ಯಾಕೆ?"

"ತೀರಿಸಿಬಿಟ್ರೆ ನೀನು ಕೇಳೋಕೆ ಬರಲ್ವಲ್ಲ."

ಅವನು ನಕ್ಕ. ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ನಗು, ಈಗ ಎದುರಿಗೇ. ಅಜ್ಜಿ ಬೋಗುಣಿಯನ್ನು ಇಬ್ಬರ ನಡುವೆ ತಳ್ಳಿದಳು.

"ಸಾಕು ಕಣ್ರವ್ವ ಮಾತು. ಬೇಳೆ ಹಿತುಕಿ, ಹೊತ್ತಾತು."